ಕ್ಯಾನ್ಸರ್ ಬೆನ್ನುಮೂಳೆಗೆ ಹೇಗೆ ಹರಡುತ್ತದೆ? ಮನೆಯವರು ಏನು ಮಾಡಬೇಕು?



ವಾರ್ಡಿನಲ್ಲಿ ನೀವು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: “ಸಿಸ್ಟರ್, ಗಂಟು ಇದ್ದದ್ದು ಎದೆಯಲ್ಲಿ. ಆಪರೇಷನ್ ಮಾಡಿ ತೆಗೆದೂ ಆಯಿತು. ಈಗ ಬೆನ್ನಿನ ಎಲುಬಿಗೆ ಬಂದಿದೆ ಅಂತಾರೆ. ಅಲ್ಲಿಗೆ ಹೇಗೆ ಹೋಯಿತು?”

ಗಡ್ಡೆ ಬೆಳೆಯುವಾಗ ಅದರ ಕೆಲವು ಜೀವಕೋಶಗಳು ಕಳಚಿಕೊಂಡು ಹತ್ತಿರದ ಸಣ್ಣ ರಕ್ತನಾಳಗಳನ್ನು ಸೇರುತ್ತವೆ. ರಕ್ತದೊಂದಿಗೆ ಮೈಯೆಲ್ಲ ಸುತ್ತುತ್ತವೆ. ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಕೆಲವು ಮಾತ್ರ ತಮಗೆ ಒಗ್ಗುವ ಜಾಗದಲ್ಲಿ ಬೇರೂರುತ್ತವೆ. 1889ರಲ್ಲಿ ಇಂಗ್ಲೆಂಡಿನ ವೈದ್ಯ ಸ್ಟೀಫನ್ ಪ್ಯಾಜೆಟ್ ಇದನ್ನು ಬೀಜಕ್ಕೂ ನೆಲಕ್ಕೂ ಹೋಲಿಸಿದರು. ಒಕ್ಕಲುತನ ಬಲ್ಲ ನಿಮಗೆ ಇದು ಹೊಸದಲ್ಲ. ಚೆಲ್ಲಿದ ಕಾಳೆಲ್ಲ ಹುಟ್ಟುವುದಿಲ್ಲ, ಹದವಾದ ನೆಲದಲ್ಲಿ ಬಿದ್ದದ್ದು ಹುಟ್ಟುತ್ತದೆ.

ಬೆನ್ನುಮೂಳೆಯ ಮಣಿಗಳು ಅಂಥ ನೆಲ. ಅವುಗಳೊಳಗೆ ರಕ್ತ ಉತ್ಪತ್ತಿಯಾಗುವ ಕೆಂಪು ಮಜ್ಜೆ ಇದೆ. ಸುತ್ತಲೂ ಕವಾಟಗಳಿಲ್ಲದ ರಕ್ತನಾಳಗಳ ಬಲೆ ಇದೆ. ಕವಾಟ ಇಲ್ಲದ್ದರಿಂದ ಎದೆ, ಹೊಟ್ಟೆಗಳ ಕಡೆಯ ರಕ್ತ ಇತ್ತ ತಿರುಗಬಹುದು. ಇದನ್ನು 1940ರಲ್ಲಿ ಅಮೆರಿಕದ ಆಸ್ಕರ್ ಬ್ಯಾಟ್ಸನ್ ತೋರಿಸಿಕೊಟ್ಟರು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯಿಡ್ ಕ್ಯಾನ್ಸರ್‌ಗಳು ಎಲುಬಿಗೆ ಹೆಚ್ಚಾಗಿ ಹರಡುತ್ತವೆ. ಸ್ತನದಿಂದ ಹೋದದ್ದು ಎಲುಬಿನಲ್ಲಿದ್ದರೂ ಸ್ತನ ಕ್ಯಾನ್ಸರೇ. ಔಷಧಿಯೂ ಅದಕ್ಕೆ ತಕ್ಕಂತೆ.

ಇದು ಮುಟ್ಟಿದರೆ, ಜೊತೆಗೆ ಊಟ ಮಾಡಿದರೆ ಅಂಟುವುದಿಲ್ಲ. ಯಾರ ಪಾಪದ ಫಲವೂ ಅಲ್ಲ.

ಎಲ್ಲ ಬೆನ್ನುನೋವೂ ಕ್ಯಾನ್ಸರ್ ಅಲ್ಲ, ಗಾಬರಿಯಾಗಬೇಡಿ. ಆದರೆ ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಈ ಲಕ್ಷಣಗಳನ್ನು ಗಮನಿಸಿ:

1. ದಿನದಿಂದ ದಿನಕ್ಕೆ ಹೆಚ್ಚುವ, ರಾತ್ರಿ ಮಲಗಿದರೂ ಬಿಡದ ಬೆನ್ನುನೋವು.
2. ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂಥ ನೋವು.
3. ಕಾಲು ಸೋಲುವುದು, ಜೋಮು ಹಿಡಿಯುವುದು, ನಡೆಯುವಾಗ ತಡವರಿಸುವುದು.
4. ಮೂತ್ರ ಕಟ್ಟುವುದು, ಮಲಮೂತ್ರ ಹಿಡಿತ ತಪ್ಪುವುದು.

ಮೊದಲೆರಡು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಬೇಗ ತೋರಿಸಿ. ಕೊನೆಯ ಎರಡರಲ್ಲಿ ಯಾವುದೇ ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಎಂಆರ್‌ಐ ಮಾಡಿ ನೋಡಿ, ಸ್ಟೀರಾಯ್ಡ್ ಔಷಧಿ, ವಿಕಿರಣ ಚಿಕಿತ್ಸೆ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ಕಾಲಿನ ಶಕ್ತಿ ಪೂರ್ತಿ ಹೋದ ಮೇಲೆ ಬಂದರೆ ಅದು ಮರಳುವುದು ಕಷ್ಟ.

ಬೆನ್ನು ತಿಕ್ಕಿಸುವುದು, ತುಳಿಸುವುದು, ಎಳೆಸುವುದು ಬೇಡ. ಸವೆದ ಎಲುಬು ಮುರಿಯಬಹುದು. ಕರೆತರುವಾಗ ರೋಗಿಯನ್ನು ಬೈಕಿನಲ್ಲಿ ಕೂರಿಸದೆ ನೇರವಾಗಿ ಮಲಗಿಸಿ ತನ್ನಿ. ಹಳೆಯ ಫೈಲು ಜೊತೆಗಿರಲಿ. ಯಾವ ವೈದ್ಯರ ಬಳಿ ಹೋದರೂ ಹಿಂದೆ ಕ್ಯಾನ್ಸರ್ ಆಗಿತ್ತೆಂದು ಮೊದಲೇ ಹೇಳಿ.

ಮನೆಯವರಿಗೆ ಒಂದು ಮಾತು. “ವಯಸ್ಸಾಯಿತು, ನೋವು ಇದ್ದದ್ದೇ” ಎಂದು ಅವ್ವ ಸುಮ್ಮನಾಗುತ್ತಾಳೆ. ಮಕ್ಕಳಿಗೆ ಖರ್ಚಾದೀತೆಂದು ಅಪ್ಪ ಹಲ್ಲು ಕಚ್ಚಿ ಸಹಿಸುತ್ತಾನೆ. ನೀವೇ ದಿನಾ ಕೇಳಿ: ರಾತ್ರಿ ನಿದ್ದೆ ಬಂತೇ? ಕಾಲಿನಲ್ಲಿ ಶಕ್ತಿ ಇದೆಯೇ? ಮೂತ್ರ ಸರಿಯಾಗಿ ಹೋಯಿತೇ? ಖರ್ಚಿನ ಚಿಂತೆ ಇದ್ದರೆ ಬಿಪಿಎಲ್ ಕಾರ್ಡ್, ಆಧಾರ್ ತಂದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ.

ಸಂಶಯ ಬಂದರೆ ವಾರ್ಡಿನ ಸಿಸ್ಟರನ್ನು ಸಂಕೋಚವಿಲ್ಲದೆ ಕೇಳಿ.