ಅಕ್ಕಡಿ ಸಾಲು
(ಮಠದ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ನಾನು ಭಾಷಣಕಾರನಲ್ಲ, ಒಕ್ಕಲುತನ ಮಾಡುವವನು. ನನ್ನ ಹೊಲ ಮಲಪ್ರಭಾ ಕಾಲುವೆಯ ಕೆಳಗಿದೆ. ಕಾಲುವೆ ಬರುವ ಮುಂಚಿನ ಹೊಲವನ್ನೂ ಕಂಡಿದ್ದೇನೆ, ಬಂದ ಮೇಲಿನ ಹೊಲವನ್ನೂ ಕಂಡಿದ್ದೇನೆ. ಅದನ್ನಷ್ಟೇ ಹೇಳುತ್ತೇನೆ.

ನಮ್ಮದು ಎರೆ ಭೂಮಿ. ಮಳೆಯನ್ನು ಒಡಲಲ್ಲಿ ಹಿಡಿದಿಟ್ಟು, ಆ ಹಸಿಯ ಮೇಲೆಯೇ ಹಿಂಗಾರಿ ಜೋಳ ಬೆಳೆಸುವ ನೆಲ. ಅಪ್ಪ ಹತ್ತು ಸಾಲು ಜೋಳ ಬಿತ್ತಿದರೆ ಒಂದು ಸಾಲು ಅಕ್ಕಡಿ ಹಾಕುತ್ತಿದ್ದ. ಅದರಲ್ಲಿ ಕಡಲೆ, ಅಗಸಿ. ಹೊಲದ ಸುತ್ತ ಮುಳ್ಳಿನ ಕುಸುಬಿ. ದನ ಒಳಗೆ ನುಗ್ಗುತ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ಬದುವಿನಲ್ಲಿ ಬನ್ನಿ, ಜಾಲಿ. ಕಾಳು ನಮಗೆ, ಕಣಿಕೆ ದನಕ್ಕೆ, ಉದುರಿದ ತೆನೆ ಆರಿಸಿಕೊಂಡವರಿಗೆ. ಅಕ್ಕಡಿಯ ಬೀಜ ಅವ್ವನ ಗಡಿಗೆಯಲ್ಲಿರುತ್ತಿತ್ತು. ಯಾರು ಕೇಳಿದರೂ ಕೊಡುತ್ತಿದ್ದಳು.

1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಂತು. ಧಾರವಾಡದಲ್ಲಿ ಸಿದ್ಧವಾದ ವರಲಕ್ಷ್ಮಿ ಹತ್ತಿಯೂ ಬಂತು. ಹತ್ತಿ ಮಾರಿ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಕಡಿ ನಿಲ್ಲಿಸಿದವನೂ, ಬದುವಿನ ಬನ್ನಿ ಕಡಿಸಿದವನೂ ನಾನೇ. ಅವ್ವ ಕೇಳಿದಳು: "ತಮ್ಮಾ, ಹೊಲದ ತುಂಬ ಹತ್ತಿ ಹಾಕ್ತಿ ಖರೆ, ಒಲಿ ಮ್ಯಾಲ ಏನು ಕುದಸ್ಲಿ?" ನಾನು ನಕ್ಕುಬಿಟ್ಟೆ. ಎರಡೇ ವರ್ಷಕ್ಕೆ ಗಡಿಗೆ ಬರಿದಾಯಿತು.

ಮುಂದೆ ಹತ್ತಿಯ ಬೆಲೆ ಬಿತ್ತು. ಸಾಲ, ನೀರಿನ ಕರ ಎರಡೂ ಎದೆಯ ಮೇಲೆ ಕೂತವು. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು ನಿಮಗೆಲ್ಲ ಗೊತ್ತು. ನೆಲವೂ ಸುಮ್ಮನಿರಲಿಲ್ಲ. ಎರೆಗೆ ನೀರು ಹೆಚ್ಚಾಗಿ ಬಸಿದುಹೋಗಲು ದಾರಿ ಇಲ್ಲದಿದ್ದರೆ, ಕೆಳಗಿನ ಉಪ್ಪು ಮೇಲೆ ಬರುತ್ತದೆ. ತಗ್ಗಿನಲ್ಲಿದ್ದ ನನ್ನ ಎರಡು ಎಕರೆ ಸವಳಾಯಿತು. ಇವತ್ತಿಗೂ ಅಲ್ಲಿ ಬೆಳೆ ಇಲ್ಲ.

ಕಾಯಕ ಎಂದರೆ ಹೆಚ್ಚು ಬೆಳೆಯುವುದು ಎಂದುಕೊಂಡಿದ್ದೆ. ದಾಸೋಹ ಮಠದಲ್ಲಿ ನಡೆಯುವುದು ಎಂದುಕೊಂಡಿದ್ದೆ. ನಮ್ಮ ಹೊಲದಲ್ಲೇ ಅದು ನಡೆಯುತ್ತಿತ್ತು ಎಂಬುದು ನಿಂತ ಮೇಲೆ ತಿಳಿಯಿತು.

ಹೋದ ವರ್ಷ ಒಣಬೇಸಾಯದ ಊರೊಂದಕ್ಕೆ ಬೀಜ ಕೇಳಲು ಹೋದೆ. ಒಬ್ಬ ತಾಯಿ ಕಡಲೆ, ಅಗಸಿ, ಕುಸುಬಿ ಅಳೆದು ಕೊಟ್ಟರು. ರೊಕ್ಕ ಎಷ್ಟು ಎಂದೆ. "ಬೀಜಕ್ಕ ರೊಕ್ಕ ಬ್ಯಾಡ್ರಿ, ಬೆಳೆದ ಮ್ಯಾಲ ಇನ್ನೊಬ್ಬರಿಗೆ ಕೊಡ್ರಿ" ಎಂದರು.

ಆ ಬೀಜ ಇಂದು ತಂದಿದ್ದೇನೆ. ಇಲ್ಲಿರುವ ಒಕ್ಕಲು ಮಕ್ಕಳು ಈ ಹಿಂಗಾರಿಗೆ ಒಂದೊಂದು ಸಾಲು ಅಕ್ಕಡಿ ಹಾಕಿರಿ. ಮೊದಲ ಸಾಲು ಮಠದ ಹೊಲದಲ್ಲೇ ಬೀಳಲಿ ಎಂದು ಪೂಜ್ಯರಲ್ಲಿ ಬೇಡಿಕೊಳ್ಳುತ್ತೇನೆ.