ಹಲವು ಕೈಗಳ ವಿಶ್ವಕೋಶ ಮತ್ತು ನಮ್ಮ ಸಂಶೋಧನೆ

(ಕಾಶಿಯ ಜಂಗಮವಾಡಿಯಲ್ಲಿ ಮಾಡಿದ ಭಾಷಣ)



ಲೋಕದ ತಿಳಿವನ್ನೆಲ್ಲ ಒಂದೆಡೆ ಕೂಡಿಡುವ ಹಂಬಲ ಕನ್ನಡಿಗರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದ 'ಮಾನಸೋಲ್ಲಾಸ'ವನ್ನು ರಚಿಸಿದನು. ನಿಜಗುಣ ಶಿವಯೋಗಿಗಳು 'ವಿವೇಕ ಚಿಂತಾಮಣಿ'ಯನ್ನು ಕನ್ನಡದಲ್ಲಿಯೇ ಬರೆದರು. ಕಳೆದ ಶತಮಾನದಲ್ಲಿ ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳ ಭಾರವನ್ನು ಒಬ್ಬರೇ ಹೊತ್ತರು. ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರ ಸಮೂಹವನ್ನೇ ಕೂಡಿಸಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೊರತಂದಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಒಂದು ವಿಷಯದಲ್ಲಿ ಇವೆಲ್ಲಕ್ಕಿಂತ ಭಿನ್ನ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು.

ಹೊರನಾಡಿನ ನಮಗೆ ಇದರಿಂದಾದ ಉಪಕಾರ ಅಲ್ಪವಲ್ಲ. ಗಂಗೆಯ ದಡದಲ್ಲಿ ಕುಳಿತವನಿಗೆ ಕನ್ನಡ ಆಕರಗ್ರಂಥ ಎಲ್ಲಿ ದೊರೆತೀತು? 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಆರು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ದೊಡ್ಡ ಮನಸ್ಸಿನ ಕೆಲಸ. ಆ ಲೇಖನಗಳು ಈಗ ಅಂತರಜಾಲದಲ್ಲಿ ಓದಲು ಸಿಗುತ್ತವೆ. ಅವುಗಳಲ್ಲಿನ ಜನಸಂಖ್ಯೆ ಮುಂತಾದ ಅಂಕಿಗಳು ಅಚ್ಚಾದ ಕಾಲದವೆಂಬುದನ್ನು ಮಾತ್ರ ಮರೆಯಬಾರದು.

ಸರ್ಕಾರಿ ಕಡತಗಳ ನಡುವೆಯೇ ತಲೆ ನರೆತ ನನಗೆ ವಿಕಿಪೀಡಿಯದಲ್ಲಿ ಬಹಳ ಹಿಡಿಸಿದ್ದು ಲೇಖನಕ್ಕೆ ಅಂಟಿಕೊಂಡಿರುವ 'ಇತಿಹಾಸ'ದ ಪುಟ. ಅದು ನಮ್ಮ ಕಚೇರಿಯ ಟಿಪ್ಪಣಿ ಹಾಳೆಯಂತೆಯೇ ಇದೆ. ಯಾವ ದಿನ ಯಾವ ಮಾತು ಸೇರಿತು, ಯಾವುದು ಅಳಿಯಿತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಕೆಳಗಿನ ಸಹಿ ಮಾತ್ರ ಹಲವು ವೇಳೆ ಗುಪ್ತನಾಮ! ಸಂಶೋಧಕನು ಲೇಖನಕ್ಕಿಂತ ಮೊದಲು ಈ ಪುಟವನ್ನೂ ಅಡಿಟಿಪ್ಪಣಿಗಳನ್ನೂ ಓದಬೇಕೆಂಬುದು ನನ್ನ ಅಭಿಮತ.

ಮಿತಿಯ ಮಾತಿಗೆ ದೂರ ಹೋಗಬೇಕಾಗಿಲ್ಲ, ನಾವು ಸೇರಿರುವ ಈ ಜಂಗಮವಾಡಿಯೇ ಸಾಕು. ಕಾಶಿಯ ದೊರೆ ಜಯನಂದದೇವನು ವಿಕ್ರಮ ಸಂವತ್ 631ರಲ್ಲಿ ಇಲ್ಲಿಯ ಜ್ಞಾನಪೀಠಕ್ಕೆ ಭೂದಾನ ಮಾಡಿದನೆಂದು ಮಠದ ಪರಂಪರೆ ಹೇಳುತ್ತದೆ. ಅದನ್ನು ಕ್ರಿಸ್ತಶಕಕ್ಕೆ ತಂದರೆ 574. ಅವಸರದ ಕೈಯೊಂದು 'ಸಂವತ್' ಎಂಬ ಪದವನ್ನು ಬಿಟ್ಟರೆ ಐವತ್ತೇಳು ವರ್ಷ ಹೆಚ್ಚಾಗುತ್ತದೆ; 'ಪರಂಪರೆ ಹೇಳುತ್ತದೆ' ಎಂಬುದನ್ನು ಬಿಟ್ಟರೆ ನಂಬಿಕೆಯೇ ಶಾಸನವಾಗಿ ನಿಲ್ಲುತ್ತದೆ. ಅದನ್ನು ಪತ್ರಿಕೆಯೊಂದು ಎತ್ತಿಕೊಂಡಿತೆನ್ನೋಣ. ನಾಳೆ ಆ ಪತ್ರಿಕೆಯೇ ವಿಶ್ವಕೋಶಕ್ಕೆ ಆಧಾರ! ಸುತ್ತಿ ಬಂದದ್ದು ತನ್ನದೇ ಮಾತೆಂದು ಯಾರಿಗೂ ತಿಳಿಯುವುದಿಲ್ಲ.

ಇದಕ್ಕಿಂತ ಆಳವಾದ ತೊಡಕು ಬೇರೊಂದಿದೆ. ಎಲ್ಲಿಯೂ ಪ್ರಕಟವಾಗದ ಸ್ವಂತ ಸಂಶೋಧನೆಗೆ ವಿಕಿಪೀಡಿಯದಲ್ಲಿ ಎಡೆಯಿಲ್ಲ. ನಿಯಮ ಸರಿಯಾದುದೇ, ಅದಿಲ್ಲದಿದ್ದರೆ ಅದು ಊಹಾಪೋಹಗಳ ಸಂತೆಯಾಗುತ್ತಿತ್ತು. ಆದರೆ ಈ ಮಠಕ್ಕೆ ಮೊಗಲ್ ಬಾದಶಹರು ಕೊಟ್ಟ ಪಾರಸಿ ಫರ್ಮಾನುಗಳಿವೆ. ಔರಂಗಜೇಬನ ಕಾಲದವೂ ಅವುಗಳಲ್ಲಿ ಸೇರಿವೆ. ಅವುಗಳ ಕನ್ನಡ ಅನುವಾದ, ಹಿಜರಿ ತೇದಿಯ ವಿವರಣೆ ಅಚ್ಚಾಗಿ ಕೈಗೆ ಸಿಗದಿದ್ದರೆ ಕನ್ನಡದ ಬರಹಗಾರನು ಯಾವುದನ್ನು ಉಲ್ಲೇಖಿಸಬೇಕು? ಕರ್ನಾಟಕ ಘಾಟ್ ಸುತ್ತ ಬಾಳಿದ ಕನ್ನಡ ಮನೆತನಗಳ ನೆನಪುಗಳಿಗೂ ಇದೇ ಗತಿ. ಅಚ್ಚಾಗದ ಬದುಕು ಅಲ್ಲಿ ಇಲ್ಲದ ಬದುಕು.

ಆದುದರಿಂದ ಸಂಘಕ್ಕೆ ನನ್ನದೊಂದು ಅರಿಕೆ. ಮಠದ ಅಪ್ಪಣೆ ಪಡೆದು, ಪಾರಸಿ ಬಲ್ಲವರೊಬ್ಬರ ನೆರವಿನಿಂದ, ಪ್ರತಿ ಸಂಚಿಕೆಗೆ ಒಂದರಂತೆ ಫರ್ಮಾನಿನ ಪಾಠವನ್ನೂ ಅನುವಾದವನ್ನೂ ನಮ್ಮ ತ್ರೈಮಾಸಿಕದಲ್ಲಿ ಪ್ರಕಟಿಸಬೇಕು. ಹಿರಿಯರ ನೆನಪುಗಳನ್ನೂ ಹೆಸರು, ಇಸವಿಗಳೊಡನೆ ಬರೆದುಕೊಳ್ಳೋಣ. ವಿಶ್ವಕೋಶಕ್ಕೆ ಸೇರಿಸುವ ಕೆಲಸವನ್ನು ನಮ್ಮ ಮಕ್ಕಳು ಮಾಡುತ್ತಾರೆ. ಅದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.