ಬೆರಳಿಗೆ ಸಿಕ್ಕ ನಾದ



ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರ ಕಟ್ಟಿದರು. ಅವರ ಆಸರೆಯಲ್ಲಿ ಬೆಳೆದ ಕಣ್ಣಿಲ್ಲದ ತರುಣ ಗದಿಗೆಯ್ಯ ಅಲ್ಲಿ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಸಂಗೀತ ಕಲಿತು ಪಂಚಾಕ್ಷರಿ ಗವಾಯಿಗಳಾದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಹಾಡುವುದರ ಜೊತೆಗೆ ಹಾರ್ಮೋನಿಯಂ, ಪಿಟೀಲು, ತಬಲಾ ಎಲ್ಲವೂ ಅವರಿಗೆ ಕರಗತವಾಗಿದ್ದವು.

ಕಾಣದವರಿಗೆ ತಬಲಾ ಕಲಿಸುವುದೆಂದರೆ ಬೆರಳು ಹಿಡಿದೇ ಕಲಿಸಬೇಕು. 'ನಾ' ಎಂಬ ನುಡಿ ಬಾರಿಸುವಾಗ ಉಂಗುರದ ಬೆರಳು ತೊಗಲಿನ ನಡುವಿನ ಕಪ್ಪು ಕರಣೆಯ ಅಂಚಿಗೆ ಹಗುರಾಗಿ ತಾಗಿರಬೇಕು, ತೋರುಬೆರಳು ತೊಗಲಿನ ಹೊರ ಅಂಚಾದ ಚಾಟಿಗೆ ಬೀಳಬೇಕು. ಉಂಗುರದ ಬೆರಳು ತುಸು ಬಿಗಿಯಾದರೆ ನಾದ ಸಾಯುತ್ತದೆ. ಎತ್ತಿಬಿಟ್ಟರೆ ಬೇರೆಯೇ ಸ್ವರ ಬರುತ್ತದೆ. ಯಾಕೆ ಹೀಗೆ?

ಉತ್ತರದ ಕಥೆ ದೂರದಲ್ಲಿ ಶುರುವಾಗುತ್ತದೆ. 1680ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಗಾಜಿನ ಫಲಕದ ಮೇಲೆ ಹಿಟ್ಟು ಉದುರಿಸಿ, ಅಂಚಿಗೆ ಕಮಾನು ಎಳೆದು, ಹಿಟ್ಟಿನಲ್ಲಿ ಚಿತ್ರ ಮೂಡುವುದನ್ನು ನೋಡಿದ. ಜರ್ಮನಿಯ ಕ್ಲಾಡ್ನಿ 1787ರಲ್ಲಿ ಮರಳು ಬಳಸಿ ಅಂಥ ಚಿತ್ರಗಳನ್ನು ಪುಸ್ತಕದಲ್ಲಿ ಪ್ರಕಟಿಸಿದ. ಫಲಕ ಅದುರುವ ಕಡೆಯಿಂದ ಮರಳು ಸಿಡಿದು, ಅಲುಗದ ಗೆರೆಗಳ ಮೇಲೆ ಬಂದು ಕೂರುತ್ತದೆ. ಕಿವಿಗೆ ಕೇಳಿದ್ದು ಕಣ್ಣಿಗೂ ಕಾಣುತ್ತದೆ.

ಇದನ್ನು ನಮ್ಮ ವಾದ್ಯಕ್ಕೆ ತಂದವರು ಭೌತವಿಜ್ಞಾನಿ ಸಿ. ವಿ. ರಾಮನ್. ಬರೀ ತೊಗಲು ಬಿಗಿದ ಡೋಲಿನಲ್ಲಿ ಮೂಲಸ್ವರಕ್ಕೂ ಮೇಲಿನ ಸ್ವರಗಳಿಗೂ ಒಂದಕ್ಕೊಂದು ಹೊಂದಿಕೆ ಇರುವುದಿಲ್ಲ. ಮೃದಂಗ, ತಬಲಾಗಳಲ್ಲಿ ಹಾಗಿಲ್ಲವೆಂದು ಶಿವಕಾಳಿ ಕುಮಾರ್ ಜೊತೆ ಅವರು 1920ರಲ್ಲೇ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಬಿಗಿದ ತೊಗಲಿನ ಮುಚ್ಚಿಗೆಯ ಮೇಲೆ ಮರಳು ಹರಡಿ ಬಾರಿಸಿ ತೆಗೆಸಿದ ಚಿತ್ರಗಳೊಡನೆ ವಿವರವಾಗಿ ಬರೆದರು. ಕಬ್ಬಿಣದ ಪುಡಿಯನ್ನು ಗಂಜಿಯಲ್ಲಿ ಕಲೆಸಿ ಪದರ ಪದರವಾಗಿ ಹಚ್ಚಿದ ಆ ಕರಣೆಯ ಭಾರವೇ ಒಂಬತ್ತು ಬಗೆಯ ಕಂಪನಗಳನ್ನು ಐದು ಹೊಂದಿಕೆಯ ಸ್ವರಗಳಾಗಿ ಕೂಡಿಸುತ್ತದೆ. ಯಾವ ಲೆಕ್ಕವನ್ನೂ ಬರೆದಿಡದ ನಮ್ಮ ವಾದ್ಯ ಕಟ್ಟುವವರು ಇದನ್ನು ಸಾಧಿಸಿದ್ದರು. ನನಗಂತೂ ಇದು ರಾಮನ್ ಅವರ ಬೆಳಕಿನ ಸಂಶೋಧನೆಯಷ್ಟೇ ದೊಡ್ಡ ಸಂಗತಿ.

ಈಗ ಉಂಗುರದ ಬೆರಳಿಗೆ ಬನ್ನಿ. ಮುಚ್ಚಿಗೆಯ ಮೇಲಿಟ್ಟ ಬೆರಳು ಇಡೀ ತೊಗಲನ್ನು ಒಟ್ಟಿಗೆ ಏರಿಳಿಯುವುದಕ್ಕೆ ಬಿಡುವುದಿಲ್ಲ. ಮೂಲಸ್ವರ ಅಡಗುತ್ತದೆ. ನಡುವೆ ಒಂದು ಅಲುಗದ ಗೆರೆ ಹುಟ್ಟಿ, ಅದರ ಒಂದು ಬದಿ ಏರಿದಾಗ ಇನ್ನೊಂದು ಇಳಿಯುತ್ತದೆ. ಆ ಗೆರೆ ಬೆರಳು ತಾಗಿದ ಕಡೆಯಿಂದಲೇ ಹಾಯುತ್ತದೆ. ಮರಳು ಹಾಕಿದರೆ ಅದು ಕಣ್ಣಿಗೆ ಕಾಣುತ್ತದೆ. ಹಾಕದಿದ್ದರೂ, ಸಾಧನೆ ಮಾಡಿದ ಬೆರಳಿಗೆ ಅದರ ಜಾಗ ಗೊತ್ತಿರುತ್ತದೆ.

ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡರು. ಪುಟ್ಟರಾಜರು 2010ರವರೆಗೆ ಬದುಕಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಈ ವಿದ್ಯೆ ಧಾರೆಯೆರೆದರು. ಬೆರಳಿನ ಈ ವಿದ್ಯೆ ವಿಜ್ಞಾನದ ಪಾಠವೂ ಹೌದು. ನಮ್ಮ ಪ್ರೌಢಶಾಲೆಗಳಲ್ಲಿ ಕಂಪನದ ಪಾಠಕ್ಕೆ ಶ್ರುತಿಕವೆ ತೋರಿಸುತ್ತಾರೆ. ಅದರ ಪಕ್ಕದಲ್ಲಿ ಒಂದು ತಬಲಾ ಇಡಿ. ನುಡಿಸಬಲ್ಲ ಕಣ್ಣಿಲ್ಲದ ವಿದ್ಯಾರ್ಥಿಯನ್ನು ಕರೆದು, ಆ ದಿನದ ಪಾಠವನ್ನು ಅವರಿಂದಲೇ ಮಾಡಿಸಿ.